ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಜಿಡ್ಡು ತೆಗೆಯುವ ಟಿಸಿಇ ತೊಟ್ಟಿ ಇನ್ನೂ ಬೇಕಾ?

ಪರ: ಸದ್ಯಕ್ಕೆ ಬೇಕು

ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್‌ನಿಂದ ಇಳಿದ ಜಾಬ್, ಅಂದರೆ ಲೋಹದ ಬಿಡಿಭಾಗ, ಮೈತುಂಬ ಕಟಿಂಗ್ ಆಯಿಲ್ ಮೆತ್ತಿಕೊಂಡಿರುತ್ತದೆ. ಹಾಗೇ ಪ್ಲೇಟಿಂಗ್‌ಗೆ ಕಳಿಸಿದರೆ ಲೇಪ ಹಿಡಿಯುವುದಿಲ್ಲ, ಇಡೀ ಲಾಟ್ ರಿಜೆಕ್ಟ್. ಈ ಜಿಡ್ಡು ತೆಗೆಯುವುದರಲ್ಲಿ ಟ್ರೈಕ್ಲೋರೋಎಥಿಲೀನ್, ಅಂದರೆ ಟಿಸಿಇ, ಬಲು ಸಲೀಸು. ತೊಟ್ಟಿಯ ತಳದಲ್ಲಿ ಅದು 87 ಡಿಗ್ರಿಗೇ ಕುದಿಯುತ್ತದೆ. ತಣ್ಣಗಿನ ಜಾಬ್ ಮೇಲೆ ಆವಿ ಹನಿಗಟ್ಟಿ, ಎಣ್ಣೆ ಕರಗಿಸಿಕೊಂಡು ಕೆಳಗೆ ತೊಟ್ಟಿಕ್ಕುತ್ತದೆ. ಎಣ್ಣೆ ತಳದಲ್ಲೇ ಉಳಿಯುತ್ತದೆ, ಮತ್ತೆ ಏಳುವುದು ಶುದ್ಧ ಆವಿ. ಜಾಬ್ ಬಿಸಿಯಾದ ಮೇಲೆ ಹೊರಗೆ ತೆಗೆದರೆ ಒಣಗಿಯೇ ಇರುತ್ತದೆ. ಸಣ್ಣ ತೂತಿನೊಳಗೂ ಜಿಡ್ಡಿಲ್ಲ, ತುಕ್ಕಿನ ಚಿಂತೆಯಿಲ್ಲ. ಥಿನ್ನರ್ ಥರ ಸುಲಭಕ್ಕೆ ಬೆಂಕಿಯೂ ಹತ್ತುವುದಿಲ್ಲ.

ಇದರ ಬದಲು ನೀರಿನಲ್ಲಿ ತೊಳೆಯಿರಿ ಎನ್ನುತ್ತಾರೆ. ತೊಳೆಯಬೇಕು, ಜಾಲಿಸಬೇಕು, ಒಣಗಿಸಬೇಕು, ಆ ಕೊಳೆ ನೀರನ್ನೂ ಶುದ್ಧ ಮಾಡಬೇಕು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದ ಊರು ನಮ್ಮದು. ನಾಲ್ಕು ಮೆಷಿನ್ ಇಟ್ಟುಕೊಂಡವರು ಇಷ್ಟೆಲ್ಲ ಎಲ್ಲಿಂದ ತರಬೇಕು?

ವಿರೋಧ: ಬೇಡ, ಬಿಡುವುದನ್ನು ಇವತ್ತೇ ಶುರು ಮಾಡಿ

ಜಾಬ್ ಚೆನ್ನಾಗಿ ಬರುತ್ತದೆ, ಒಪ್ಪಿದೆ. ತೊಟ್ಟಿಯ ಪಕ್ಕ ನಿಂತ ಹುಡುಗನ ಗತಿ ಏನು?

ಟಿಸಿಇ ಆವಿ ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರ. ಮೇಲೆ ಫ್ಯಾನ್ ತಿರುಗುತ್ತಿದ್ದರೂ ಅದು ತೊಟ್ಟಿಯಿಂದ ಉಕ್ಕಿ ನೆಲದ ಮಟ್ಟದಲ್ಲೇ ಹರಡುತ್ತದೆ. ಬುಟ್ಟಿ ಎತ್ತಲು ಬಗ್ಗಿದವನ ಮೂಗು ನೇರ ಅದರೊಳಗೆ. ಮೊದಲು ಸಿಹಿ ವಾಸನೆ, ಆಮೇಲೆ ಮೂಗಿಗೆ ರೂಢಿಯಾಗಿ ಗೊತ್ತೇ ಆಗುವುದಿಲ್ಲ. ತಲೆ ಸುತ್ತುತ್ತದೆ. ಹಿಂದೆ ಆಸ್ಪತ್ರೆಗಳಲ್ಲಿ ಇದನ್ನೇ ಅರಿವಳಿಕೆಯಾಗಿ ಕೊಡುತ್ತಿದ್ದರು, ಅಮಲು ಬರುವುದು ಸಹಜ ಅಲ್ವಾ? ಈ ಕೆಲಸ ಮಾಡುವವರು ಸಂಜೆ ಸ್ವಲ್ಪ ಕುಡಿದರೂ ಮುಖ ಕೆಂಪಗೆ ಬೆಚ್ಚಗಾಗುವುದುಂಟು. ಪಕ್ಕದಲ್ಲೇ ವೆಲ್ಡಿಂಗ್ ನಡೆದರೆ ಆ ಬಿಸಿಗೆ ಆವಿ ಒಡೆದು ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಒಂದೇ ಶೆಡ್ಡಿನಲ್ಲಿ ಎರಡೂ ಕೆಲಸ ನಡೆಯುವ ನಮ್ಮಲ್ಲಿ ಇದು ನನಗೆ ತುಂಬ ಭಯ ಹುಟ್ಟಿಸುವ ವಿಷಯ.

ಇದು ಮೂತ್ರಪಿಂಡದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತಪಡಿಸಿತು. ಯುರೋಪಿನಲ್ಲಿ 2016ರಿಂದ ವಿಶೇಷ ಅನುಮತಿ ಬೇಕು. ಅಮೆರಿಕ 2024ರ ಡಿಸೆಂಬರ್‌ನಲ್ಲಿ ಹಂತಹಂತದ ನಿಷೇಧದ ನಿಯಮ ಹೊರಡಿಸಿತು.

ನೀರಿನ ಮಾತು ಬಂತಲ್ಲ, ಅದನ್ನೇ ಹಿಡಿಯೋಣ. ಟಿಸಿಇ ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದ್ದು ಬಿರುಕುಗಳಲ್ಲಿ ಇಳಿದು ಅಂತರ್ಜಲದ ತಳ ಸೇರುತ್ತದೆ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ ಅಷ್ಟೇ. ಬೋರ್‌ವೆಲ್ ನಂಬಿದ ಊರಿನಲ್ಲಿ ನೀರು ಉಳಿಸಲು ಟಿಸಿಇ ಬೇಕು ಎನ್ನುವ ವಾದ ನಿಲ್ಲುವುದಿಲ್ಲ.

ಖರ್ಚಿನ ಮಾತು ಮಾತ್ರ ನಿಜ. ಅದಕ್ಕೆ ಐದಾರು ಶೆಡ್‌ಗಳು ಸೇರಿ ಒಂದು ಬಿಸಿ ಕ್ಷಾರದ ತೊಳೆಯುವ ಘಟಕ ಹಾಕಿಕೊಳ್ಳಬಹುದು, ಜಾಲಿಸಿದ ನೀರನ್ನು ಸೋಸಿ ಮತ್ತೆ ಬಳಸಬಹುದು. ಜಾಬ್ ಕೊಡುವ ದೊಡ್ಡ ಕಂಪನಿಗಳು ಆ ಖರ್ಚನ್ನು ಪೀಸ್ ರೇಟ್‌ನಲ್ಲೇ ಸೇರಿಸಿ ಕೊಡಲಿ.