‘ಪ್ರಥಮ ಮುದ್ರಣ 1967’ ಎಂದಿದ್ದ ಮಾತ್ರಕ್ಕೆ ಅದು ಮೊದಲ ಮುದ್ರಣದ ಪ್ರತಿಯಲ್ಲ

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಒಳಪುಟದಲ್ಲಿ ‘ಪ್ರಥಮ ಮುದ್ರಣ 1967’ ಎಂದಿದ್ದರೆ ಅದು ಮೊದಲ ಮುದ್ರಣದ ಪ್ರತಿಯೇ ಎಂಬ ಸಂದೇಶ ಹಳೆ ಪುಸ್ತಕಪ್ರಿಯರ ನಡುವೆ ಓಡಾಡುತ್ತಿದೆ. ಇದು ತಪ್ಪು. ಕನ್ನಡ ಪ್ರಕಾಶಕರು ಆ ಸಾಲನ್ನು ಮರುಮುದ್ರಣಗಳಲ್ಲೂ ಉಳಿಸಿಕೊಂಡು, ಅದರ ಕೆಳಗೆ ಹೊಸ ವರ್ಷ ಸೇರಿಸುತ್ತಾರೆ. ನೋಡಬೇಕಾದ್ದು ಕೊನೆಯ ಸಾಲನ್ನು. ಕೆಲವೊಮ್ಮೆ ಆ ಸಾಲನ್ನೂ ಬಿಟ್ಟಿರುತ್ತಾರೆ, ಎಡವಟ್ಟಾಗುವುದು ಅಲ್ಲೇ.

ಆಗ ವಿಳಾಸ ನೋಡಿ. ಪ್ರಕಾಶಕರ ಅಥವಾ ಮುದ್ರಣಾಲಯದ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಆ ಹಾಳೆ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ. ‘ಬೆಂಗಳೂರು-18’ ಎಂಬಂಥ ಎರಡಂಕಿ ಮಾತ್ರ ಇದ್ದರೆ ಹಳೆಯದಿರಬಹುದು, ಖಚಿತವಲ್ಲ; ಆ ರೂಢಿ ಇಂದಿಗೂ ಹೋಗಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದೆಂಬುದಕ್ಕೆ ಒಳ್ಳೆಯ ಸುಳಿವು.

ಇನ್ನೂ ಹಳೆಯ ಪುಸ್ತಕಗಳಿಗೆ ಬೆಲೆಯೇ ಸಾಕ್ಷಿ. ಆಣೆ ಎಂದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮೊದಲು, ‘ನ.ಪೈ.’ (ನಯಾ ಪೈಸೆ) ಎಂದರೆ 1957ರಿಂದ 1964ರ ಆಸುಪಾಸು. ಬೆಲೆಯ ಮೇಲೆ ಚೀಟಿ ಅಂಟಿಸಿದ್ದರೆ ಕೀಳಬೇಡಿ, ಬೆಳಕಿಗೆ ಹಿಡಿದರೆ ಅಡಿಯ ಅಂಕಿ ಕಾಣಬಹುದು.

ಮರುರಟ್ಟು ಹಾಕಿದ ಪ್ರತಿಯಲ್ಲಿ ಶೀರ್ಷಿಕೆ ಹಾಳೆ ಬೇರೆ ಪ್ರತಿಯದ್ದಾಗಿರಬಹುದು. ಬೆನ್ನಿನ ಹತ್ತಿರ ಪುಸ್ತಕ ಅಗಲಿಸಿ ನೋಡಿ: ಆ ಹಾಳೆ ಹೊಲಿಗೆಗೆ ಸೇರದೆ ಅಂಟಿನಲ್ಲಿ ನಿಂತಿದ್ದರೆ ಅನುಮಾನಿಸಿ. ಅಚ್ಚುಮೊಳೆಯ (ಲೋಹದ ಅಕ್ಷರಗಳನ್ನು ಒತ್ತಿ ಮಾಡುವ) ಮುದ್ರಣವಾದರೆ ಹಾಳೆಯ ಹಿಂಬದಿ ಬೆರಳಿಗೆ ತುಸು ಉಬ್ಬು ಸಿಗುತ್ತದೆ; ಆಫ್‌ಸೆಟ್ಟಿನಲ್ಲಿ, ಜೆರಾಕ್ಸಿನಲ್ಲಿ ಅದು ಇರುವುದಿಲ್ಲ.