ಭಾವನ ಸ್ಕ್ರೂ ಡ್ರೈವರ್ರೂ ಪುಟ್ಟಿಯ ಬೈಕೂ

ನಿನ್ನೆ ಸಂಜೆ ಪೆಟ್ರೋಲ್ ಬಂಕಿನಲ್ಲಿ ಗುರುತು ಪರಿಚಯ ಇಲ್ಲದ ಒಬ್ಬರು ನಮ್ಮ ಪುಟ್ಟಿಗೆ ಬ್ರೇಕ್ ಪಾಠ ಮಾಡಿದರು. "ಮುಂದಿನ ಬ್ರೇಕ್ ಮುಟ್ಟಲೇಬೇಡ ಕಣಮ್ಮ, ಪಲ್ಟಿ ಹೊಡೀತೀಯ." ಹೇಳಿ ಮುಗಿಸಿ ತಮ್ಮ ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟರು. ಅದು ಹೋಗಿ ಮುಂದಿದ್ದವರ ಮಡ್‌ಗಾರ್ಡಿಗೆ ತಾಗಿ ನಿಂತಿತು. ಅವರು ಅಲ್ಲಿಗೂ ಸುಮ್ಮನಾಗಲಿಲ್ಲ, ಮಡ್‌ಗಾರ್ಡಿನವರಿಗೆ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳೋಕೆ ಶುರು ಮಾಡಿದರು.

ಪುಟ್ಟಿ ನಮ್ಮ ಅಕ್ಕನ ಮಗಳು. ನಮ್ಮ ಚಿಕ್ಕಮಗಳೂರಿನ ಹತ್ತಿರ, ಆಲ್ದೂರು ಕಡೆಯ ಒಂದು ಶಾಲೆಗೆ ಟೀಚರ್ ಆಗಿ ಸೇರಿದ್ದಾಳೆ. ಮೇನ್ ರೋಡಿಂದ ಒಳಗೆ ಎಸ್ಟೇಟ್ ದಾರಿ. ಬಸ್ಸು ಬೆಳಿಗ್ಗೆ ಒಂದಿದೆ, ಸಂಜೆ ಮಳೆ ಬಂದರೆ ಅದೂ ಇಲ್ಲ. ಹಾಗಾಗಿ ಗೇರ್ ಬೈಕೇ ಬೇಕು ಅಂದಳು. ಅಷ್ಟೇ ಅಂದಿದ್ದು. ಅವತ್ತಿನಿಂದ ಅವಳಿಗೆ ಬೈಕ್ ಒಂದು ಬಿಟ್ಟು ಉಳಿದಿದ್ದೆಲ್ಲ ಪುಕ್ಕಟೆ ಸಿಗುತ್ತಿದೆ.

ಎದುರು ಮನೆಯವರು "ಹೆಣ್ಣುಮಕ್ಕಳಿಗೆ ಸ್ಕೂಟಿನೇ ಲಕ್ಷಣ" ಅಂದರು. ಮಳೆಗಾಲದ ಎಸ್ಟೇಟ್ ದಾರಿಯ ಗುಂಡಿಗೆ ಆ ಸಣ್ಣ ಚಕ್ರ ಇಳಿದರೆ ಲಕ್ಷಣ ಎಲ್ಲಿ ಉಳಿಯುತ್ತೆ ಅಂತ ಅವರು ಯೋಚಿಸಿಲ್ಲ. ಪಕ್ಕದ ಮನೆ ಹುಡುಗ "ಬುಲೆಟ್ ತಗೊಳ್ಳಿ ಅಕ್ಕ, ಗತ್ತು" ಅಂದ. ಅವನು ಬುಲೆಟ್ ಅನ್ನೋ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ ತೂಕ 195 ಕೆ.ಜಿ. ನಮ್ಮಕ್ಕನ ಮನೆ ಗೇಟು ಇಳಿಜಾರಿನಲ್ಲಿದೆ. ಗತ್ತಿನಲ್ಲಿ ಒಳಗೇನೋ ಬರಬಹುದು. ಬೆಳಿಗ್ಗೆ ಅದನ್ನು ಹಿಂದಕ್ಕೆ ತಳ್ಳಿ ಹೊರಗೆ ತರೋಕೆ ಆ ಹುಡುಗನನ್ನೇ ದಿನಾ ಎಬ್ಬಿಸಬೇಕು, ಅವನು ಏಳೋದು ಹತ್ತು ಗಂಟೆಗೆ.

ನನ್ನ ಪ್ರಕಾರ ಮೊದಲ ಗಾಡಿ ನೋಡೋಕೆ ಹೋದವರು ಬಣ್ಣ, ಸ್ಟಿಕ್ಕರ್ ಎಲ್ಲ ಆಮೇಲೆ ನೋಡಿದರಾಯಿತು. ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಸರಿಯಾಗಿ ಊರುತ್ತಾ? ಇಳಿದು ಒಬ್ಬರೇ ಹಿಂದಕ್ಕೆ ತಳ್ಳೋಕಾಗುತ್ತಾ? ಬಿದ್ದರೆ ಒಬ್ಬರೇ ಎತ್ತಿ ನಿಲ್ಲಿಸಬಹುದಾ? 100 ಸಿ.ಸಿ. ಗಾಡಿಗಳು 110 ಕೆ.ಜಿ. ಆಸುಪಾಸು ಇರುತ್ತವೆ, ಕಲಿಯೋರಿಗೆ ಧಾರಾಳ ಸಾಕು. ಅದೂ ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಒಳ್ಳೇದು. ಕಲಿಯುವಾಗ ಗಾಡಿ ಒಂದೆರಡು ಸಲ ಮಲಗೇ ಮಲಗುತ್ತೆ. ಹಳೇ ಗಾಡಿ ಮಲಗಿದರೆ ಮೊಣಕಾಲು ಮಾತ್ರ ಉರಿಯುತ್ತೆ, ಹೊಸದು ಮಲಗಿದರೆ ಹೊಟ್ಟೆಯೂ ಉರಿಯುತ್ತೆ.

ಇವರನ್ನೆಲ್ಲ ಹೇಗೋ ಸಹಿಸಬಹುದು. ನಮ್ಮ ಭಾವನ ವಿಷಯ ಬೇರೆ.

ಭಾವ ಅಂದರೆ ಪುಟ್ಟಿಯ ಅಪ್ಪ. ಅವರ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಒಂದು ಉದ್ದನೆಯ ಸ್ಕ್ರೂ ಡ್ರೈವರ್ ಇರುತ್ತೆ. ಮನೆ ಮುಂದೆ ಯಾವ ಬೈಕ್ ಬಂದು ನಿಂತರೂ ಕೈ ಎತ್ತುತ್ತಾರೆ. "ಆಫ್ ಮಾಡ್ಬೇಡ, ಆಫ್ ಮಾಡ್ಬೇಡ." ಆಮೇಲೆ ಬಗ್ಗಿ, ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಡಾಕ್ಟರ್ ಎದೆ ಪರೀಕ್ಷೆ ಮಾಡುವ ಹಾಗೆ ಕಣ್ಣು ಮುಚ್ಚುತ್ತಾರೆ. ಕೊರಿಯರ್ ಹುಡುಗ ಪಾರ್ಸೆಲ್ ಹಿಡಿದು ಕಾಯುತ್ತಾನೆ. ಮದುವೆ ಕರೆಯೋಕೆ ಬಂದವರು ಅಕ್ಷತೆ ಹಿಡಿದು ಕಾಯುತ್ತಾರೆ. ಕೊನೆಗೆ ತೀರ್ಪು ಬರುತ್ತೆ. "ಟ್ಯಾಪೆಟ್."

ಇದುವರೆಗೆ ಬೇರೆ ತೀರ್ಪು ಬಂದಿದ್ದು ನಾನು ಕೇಳಿಲ್ಲ. ಒಂದು ದಿನ ಅಕ್ಕ ಮಿಕ್ಸಿಯಲ್ಲಿ ಚಟ್ನಿ ರುಬ್ಬುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿದರು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಸೌಟು ಎತ್ತಿದಳು. ಅದೊಂದು ಸಲ ತೀರ್ಪು ಕಾಯ್ದಿರಿಸಲಾಯಿತು.

ಟ್ಯಾಪೆಟ್ ಅಂದರೆ ಅಂಥ ಮಹಾ ಕಾಯಿಲೆ ಏನಲ್ಲ. ಎಂಜಿನ್ ಒಳಗೆ ತೆರೆದು ಮುಚ್ಚುವ ವಾಲ್ವ್‌ಗೂ ಅದನ್ನು ಒತ್ತುವ ರಾಕರ್ ಆರ್ಮ್ ಅನ್ನೋ ತುಂಡಿಗೂ ಮಧ್ಯೆ ಕೂದಲೆಳೆಯಷ್ಟು ಜಾಗ ಬೇಕಂತಲೇ ಬಿಟ್ಟಿರುತ್ತಾರೆ. ಎಂಜಿನ್ ಕಾದಾಗ ಲೋಹ ಹಿಗ್ಗುತ್ತಲ್ಲ, ಅದಕ್ಕೆ. ಆ ಸಂದಿಯಿಂದ ಸಣ್ಣಗೆ ಟಿಕ್ ಟಿಕ್ ಬರೋದು ಸಹಜ. ಸದ್ದೇ ಬರಬಾರದು ಅಂತ ಹಟ ಹಿಡಿದು ಬಿಗಿ ಮಾಡಿಸಿದರೆ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟು ಹೋಗುತ್ತೆ. ಇದನ್ನು ಭಾವನಿಗೆ ಹೇಳಿದರೆ "ನಿಂಗೇನು ಗೊತ್ತು ಮಾರಾಯ" ಅನ್ನುತ್ತಾರೆ.

ಇಂಥವರನ್ನು ಕರೆದುಕೊಂಡು ಶೋರೂಮಿಗೆ ಹೋದೆವು. ಭಾವ ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿಸಿದರು. ಆಮೇಲೆ ಮೂಲೆಯಲ್ಲಿ ಓಡುತ್ತಿದ್ದ ಟಿ.ವಿ. ಸೇಲ್ಸ್ ಹುಡುಗ ಮಿರಿ ಮಿರಿ ಮಿಂಚುವ ಗಾಡಿ ಸ್ಟಾರ್ಟ್ ಮಾಡಿದ. ಸ್ಕ್ರೂ ಡ್ರೈವರ್ ಹೊರಗೆ ಬಂತು. ಕಣ್ಣು ಮುಚ್ಚಿತು.

"ಟ್ಯಾಪೆಟ್."

"ಸರ್, ಇದು ನಿನ್ನೆ ಲಾರಿಯಿಂದ ಇಳಿದಿದ್ದು."

"ಅದಕ್ಕೇ ಹೇಳಿದ್ದು. ದಾರೀಲಿ ಕುಲುಕಿರುತ್ತೆ."

ಅಷ್ಟರಲ್ಲಿ ಸರ್ವೀಸಿಗೆ ಬಂದಿದ್ದ ಒಬ್ಬರು ಮೆಲ್ಲಗೆ ಹತ್ತಿರ ಬಂದು "ಸರ್, ನನ್ನದೂ ಸ್ವಲ್ಪ ಕೇಳ್ತೀರಾ?" ಅಂದರು. ಅವರ ಹಿಂದೆ ಇನ್ನೊಬ್ಬರು ನಿಂತರು. ನೋಡ ನೋಡುತ್ತಿದ್ದಂತೆ ಹೊರಗೆ ಸಾಲು. ಭಾವ ಒಂದೊಂದೇ ಗಾಡಿಯ ಮುಂದೆ ಬಗ್ಗುತ್ತಾ ಹೋದರು. ಎಲ್ಲರಿಗೂ ಅದೇ ಟ್ಯಾಪೆಟ್, ಎಲ್ಲರೂ "ನಾನೂ ಅದೇ ಅಂದ್ಕೊಂಡಿದ್ದೆ ಸರ್" ಅಂತ ಸಮಾಧಾನದಿಂದ ಹೋದರು. ಮ್ಯಾನೇಜರ್ ಗಾಜಿನ ಒಳಗಿಂದ ನೋಡುತ್ತಿದ್ದರು. ಇವರನ್ನು ಹೇಗೆ ತಪ್ಪಿಸೋದು ಅಂತ ಯೋಚಿಸಿದರೋ ಏನೋ, ಹುಡುಗ ಬಂದು "ಸರ್, ಎಲೆಕ್ಟ್ರಿಕ್ ನೋಡ್ತೀರಾ?" ಅಂದ.

ಭಾವ ಅದರ ಪಕ್ಕ ಮಂಡಿಯೂರಿ ಕೂತು ಸ್ಕ್ರೂ ಡ್ರೈವರ್ ಇಟ್ಟರು.

"ಸ್ಟಾರ್ಟ್ ಮಾಡಪ್ಪ."

"ಆಗಿದೆ ಸರ್."

ಭಾವ ಕಿವಿ ಬದಲಾಯಿಸಿದರು. ಸ್ಕ್ರೂ ಡ್ರೈವರನ್ನು ಕರ್ಚೀಫಿನಿಂದ ಒರೆಸಿ ಮತ್ತೆ ಇಟ್ಟರು. "ಈಗ ಮಾಡು."

"ಆಗ್ಲೇ ಆಗಿದೆ ಸರ್. ಆಕ್ಸಿಲರೇಟರ್ ಮುಟ್ಟಬೇಡಿ, ಹೋಗಿಬಿಡುತ್ತೆ."

ಭಾವ ಎದ್ದು ನಿಂತು ನನ್ನ ಕಡೆ ತಿರುಗಿದರು. "ಇದು ಉಸಿರೇ ಆಡ್ತಿಲ್ವಲ್ಲೋ ಮಾರಾಯ." ಅಲ್ಲಿಂದ ಆಜಾದ್ ಪಾರ್ಕ್ ಬರುವವರೆಗೂ ಒಂದು ಮಾತಾಡಲಿಲ್ಲ.

ಅವರ ಹತ್ತಿರ ಒಂದು ಕಾಲದಲ್ಲಿ ಯೆಜ್ಡಿ ಇತ್ತು. ಮೈಸೂರಿನಲ್ಲಿ ತಯಾರಾದ 250 ಸಿ.ಸಿ. ಗಾಡಿ. ಒದ್ದು ಸ್ಟಾರ್ಟ್ ಮಾಡುವ ಕಿಕ್ಕರನ್ನೇ ತಿರುಗಿಸಿದರೆ ಗೇರ್ ಲಿವರ್ ಆಗುತ್ತಿತ್ತು. 1996ರಲ್ಲಿ ಆ ಫ್ಯಾಕ್ಟರಿ ಮುಚ್ಚಿತು. ಆಮೇಲೂ ಭಾವ ಸ್ಪೇರ್ ಪಾರ್ಟ್ಸ್ ಹುಡುಕಿಕೊಂಡು ಊರೂರು ಅಲೆದು ಅದನ್ನು ಓಡಿಸಿದರು. ಪುಟ್ಟಿಗೆ ಕಾಲೇಜು ಫೀಸ್ ಕಟ್ಟುವ ಹೊತ್ತಿಗೆ ಮಾರಿದರು. ಈಗ ಇರೋದು ಒಂದು ಮೊಪೆಡ್. ಈಗಲೂ ದೂರದಲ್ಲೆಲ್ಲೋ ಹಳೇ ಟೂ ಸ್ಟ್ರೋಕ್ ಸದ್ದು ಕೇಳಿದರೆ ಮಾತು ನಿಲ್ಲಿಸುತ್ತಾರೆ. ಆಗ ಸ್ಕ್ರೂ ಡ್ರೈವರ್ ಜೇಬಿನಿಂದ ಬರೋದಿಲ್ಲ, ಸುಮ್ನೆ ರಸ್ತೆ ಕಡೆ ನೋಡುತ್ತಾರೆ. ಟೂ ಸ್ಟ್ರೋಕ್ ಯೆಜ್ಡಿಯಲ್ಲಿ ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಇವರು ಈ ಚಾಳಿ ಕಲಿತಿದ್ದು ಯಾವ ಗಾಡಿಯಿಂದಲೋ!

ಸಲಹೆ ಕೊಡೋರೆಲ್ಲ ಹೀಗೇ ಅಲ್ವಾ? ನೀವು ತಗೊಳ್ಳೋ ಗಾಡಿಗೆ ಅವರು ಸಲಹೆ ಕೊಡೋದಿಲ್ಲ, ತಾವು ಓಡಿಸುತ್ತಿದ್ದ ಗಾಡಿಗೆ ಕೊಡುತ್ತಾರೆ. ಭಾವನ ಇನ್ನೊಂದು ಪಾಠ ಕೇಳಿ. "ಗಿರಿಯಿಂದ ಇಳಿಯುವಾಗ ನ್ಯೂಟ್ರಲ್ ಹಾಕ್ಬಿಡು ಪುಟ್ಟಿ. ಪೆಟ್ರೋಲೂ ಉಳಿಯುತ್ತೆ, ಎಂಜಿನ್ನೂ ಉಳಿಯುತ್ತೆ." ಯೆಜ್ಡಿ ಕಾಲಕ್ಕೆ ಇದರಲ್ಲಿ ಅರ್ಧ ಸತ್ಯ ಇತ್ತು. ಟೂ ಸ್ಟ್ರೋಕಿನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಬೆರೆತು ಎಂಜಿನ್ನಿಗೆ ಹೋಗುತ್ತೆ. ಆಕ್ಸಿಲರೇಟರ್ ಮುಚ್ಚಿಕೊಂಡು ಗೇರಿನಲ್ಲೇ ಉದ್ದಕ್ಕೆ ಇಳಿದರೆ ಆಯಿಲ್ ಸಾಲದೆ ಪಿಸ್ಟನ್ ಜಾಮ್ ಆಗುವ ಭಯ. ಈಗಿನ ಫೋರ್ ಸ್ಟ್ರೋಕಿಗೆ ಆ ಚಿಂತೆ ಇಲ್ಲ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಿಂದ ಕೆಳಗಿನ ಕೈಮರದವರೆಗೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಗಾಡಿಯನ್ನು ಹಿಡಿಯೋದು ಬ್ರೇಕ್ ಒಂದೇ. ಅದು ಕಾದು ಕಾದು ಕೊನೆಗೆ ಹಿಡಿಯೋದನ್ನೇ ಬಿಡುತ್ತೆ. ಯಾವ ಗೇರಿನಲ್ಲಿ ಹತ್ತಿದಿರೋ ಹೆಚ್ಚು ಕಡಿಮೆ ಅದೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಅರ್ಧ ಕೆಲಸ ಮಾಡುತ್ತೆ. ವಾರದ ಕೊನೆಗೆ ಹೊರಗಿಂದ ದೊಡ್ಡ ಗಾಡಿ ತಂದು ಸುಟ್ಟ ವಾಸನೆ ಹಬ್ಬಿಸುತ್ತಾ ಇಳಿಯೋರಿಗೂ ಇದನ್ನು ಹೇಳಬೇಕು ಅನ್ನಿಸುತ್ತೆ. ಆದರೆ ಅವರು ಸೆಲ್ಫಿಯಲ್ಲಿ ಬ್ಯುಸಿ.

ಮುಂದಿನ ಬ್ರೇಕಿಗೂ ಇದೇ ಗತಿ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಬೀಳುತ್ತೆ, ಹಾಗಾಗಿ ಗಾಡಿ ನಿಲ್ಲಿಸುವ ಶಕ್ತಿ ಜಾಸ್ತಿ ಇರೋದೇ ಅಲ್ಲಿ. ಗಬಕ್ಕನೆ ಹಿಡಿದರೆ ಬೀಳ್ತೀರಿ, ನಿಜ. ಮೆಲ್ಲಗೆ ಒತ್ತುತ್ತಾ, ಹಿಂದಿನದರ ಜೊತೆಗೆ, ತಿರುವು ಬರುವ ಮೊದಲೇ ಹಿಡಿಯಬೇಕು. ಸಿಲ್ವರ್ ಓಕ್ ಎಲೆ ಉದುರಿ ಒದ್ದೆಯಾದ ಕಡೆ ಇನ್ನೂ ಹುಷಾರು. 2019ರ ಏಪ್ರಿಲ್‌ನಲ್ಲಿ ಹೊಸ ಗಾಡಿಗಳಿಗೆ ಒಂದು ನಿಯಮ ಬಂತು: 125 ಸಿ.ಸಿ. ಮೇಲಿದ್ದರೆ ಎ.ಬಿ.ಎಸ್., ಅಂದರೆ ಗಬಕ್ಕನೆ ಬ್ರೇಕ್ ಹಿಡಿದರೂ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳೋದು, ಕಡ್ಡಾಯ; 125 ಅಥವಾ ಅದಕ್ಕಿಂತ ಚಿಕ್ಕದಾದರೆ ಕಡೇಪಕ್ಷ ಸಿ.ಬಿ.ಎಸ್. ಇರಲೇಬೇಕು ಅಂತ. ಸಿ.ಬಿ.ಎಸ್. ಅಂದರೆ ಕಾಲಲ್ಲಿ ಹಿಂದಿನ ಬ್ರೇಕ್ ತುಳಿದರೆ ಮುಂದಿನದೂ ಸ್ವಲ್ಪ ತಾನಾಗೇ ಹಿಡಿಯುತ್ತೆ. ಇದನ್ನು ಭಾವನಿಗೆ ಹೇಳಿದೆ. "ನನ್ನ ಕೇಳದೆ?" ಅಂದರು.

ಕಡೂರು ರಸ್ತೆ ಕಡೆ ಒಂದು ಹೊಸ ಲೇಔಟ್ ಇದೆ. ಟಾರು ಹಾಕಿದ್ದಾರೆ, ಮನೆ ಒಂದೂ ಎದ್ದಿಲ್ಲ. ಕಲಿಯೋಕೆ ಹೇಳಿ ಮಾಡಿಸಿದ ಜಾಗ, ವಾಕಿಂಗ್‌ನವರು ಇಲ್ಲದಿದ್ದರೆ. "ಕ್ಲಚ್ ಬಿಡಮ್ಮ" ಅಂತ ಒಬ್ಬರು, "ಬಿಡಬೇಡ" ಅಂತ ಇನ್ನೊಬ್ಬರು. ಕೊನೆಗೆ ನಾನು ಅವಳಿಗೆ ಆಕ್ಸಿಲರೇಟರ್ ಮುಟ್ಟಲೇಬೇಡ ಅಂದೆ. ಫಸ್ಟ್ ಗೇರ್ ಹಾಕಿ, ಎರಡೂ ಕಾಲು ನೆಲದಲ್ಲಿಟ್ಟು, ಕ್ಲಚ್ಚನ್ನು ಚೂರು ಚೂರೇ ಬಿಡು, ಗಾಡಿ ಎಲ್ಲಿ ಮುಂದಕ್ಕೆ ಎಳೆಯುತ್ತೋ ಆ ಜಾಗ ಬೆರಳಿಗೆ ಗೊತ್ತಾಗಲಿ. ಅದೊಂದು ಸಿಕ್ಕ ಮೇಲೆ ಹುಡುಗಿ ಬೇಗ ಕಲಿತಳು. ಎಲ್.ಎಲ್.ಆರ್. ಬಂದು 30 ದಿನ ಆದ ಮೇಲೆ ಟೆಸ್ಟಿಗೆ ಹೋಗಿ ಎಂಟೂ ಹಾಕಿ ಬಂದಳು. ಚಕ್ರದ ಕೆಳಗೆ ನೋಡದೆ ಹೋಗಬೇಕಾದ ಕಡೆ ನೋಡಿದರೆ ಎಂಟು ತಾನಾಗೇ ಬೀಳುತ್ತೆ.

ಗಾಡಿ ಹಾಸನದಿಂದ ಬಂತು. ಕೆ.ಎ. 13 ನಂಬರಿನ, ಒಬ್ಬರೇ ಓಡಿಸಿದ್ದ 100 ಸಿ.ಸಿ. ಬೈಕ್. ಆರ್.ಸಿ. ಜೊತೆಗೆ ಇನ್ಶೂರೆನ್ಸನ್ನೂ ಅವಳ ಹೆಸರಿಗೆ ಮಾಡಿಸಿದೆವು. ಭಾವನಿಗೂ ಐ.ಎಸ್.ಐ. ಹೆಲ್ಮೆಟ್ ಒಂದು ಕೊಡಿಸಿದೆವು, ಹಿಂದೆ ಕೂರೋರಿಗೂ ಕಡ್ಡಾಯ ಅಂತ ಮೂರು ಸಲ ಹೇಳಿ.

ಮೊನ್ನೆ ಪುಟ್ಟಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಹಿರೇಮಗಳೂರು ದಾಟಿರಲಿಲ್ಲ, ಭಾವ ಭುಜ ತಟ್ಟಿದರು.

"ನಿಲ್ಸು, ನಿಲ್ಸು. ಟಕ ಟಕ ಅಂತಿದೆ. ಟ್ಯಾಪೆಟ್."

ಪುಟ್ಟಿ ಗಾಡಿ ಬದಿಗೆ ಹಾಕಿ ತಿರುಗಿ ನೋಡಿದಳು. "ಅಪ್ಪ, ಅದು ನಿಮ್ಮ ಹೆಲ್ಮೆಟ್ಟಿನ ಬಕಲ್ಲು. ಹಾಕೇ ಇಲ್ಲ ನೀವು."

ಭಾವ ಬಕಲ್ ಹಾಕಿಕೊಂಡರು. ಕಿವಿ ಕೊಟ್ಟು ಕೇಳಿದರು. ಸದ್ದು ನಿಂತಿತ್ತು.

"ಇರ್ಲಿ," ಅಂದರು, "ಆದ್ರೂ ಒಂದ್ಸಲ ತೋರಿಸೋಣ."