ಗೆರೆಯ ಆಚೆಯ ನೆರೆಯವನು

ಒಳ್ಳೆ ಸಮಾರ್ಯದವನ ಕಥೆಯ ಮೇಲೆ ಪ್ರಸಂಗ ಶುರುವಾದರೆ ಅದು ಹೋಗಿ ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ: ಬಡವರಿಗೆ ಸಹಾಯ ಮಾಡಿ. ತಪ್ಪೇನಿಲ್ಲ. ಆದರೆ ಅಷ್ಟು ಹೇಳಲು ಯೇಸುವಿಗೆ ಯೆಹೂದ್ಯರಿಗೆ ಆಗದ ಸಮಾರ್ಯದವನೇ ಯಾಕೆ ಬೇಕಿತ್ತು?

ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದು ನೋಡಿ. ಧರ್ಮಶಾಸ್ತ್ರ ಬಲ್ಲವನೊಬ್ಬ ಕೇಳುತ್ತಾನೆ, ನನ್ನ ನೆರೆಯವನು ಯಾರು ಅಂತ. ಅವನಿಗೆ ಬೇಕಾಗಿದ್ದು ಒಂದು ಗೆರೆ. ಈಚೆಯವರನ್ನು ಪ್ರೀತಿಸಿದರೆ ಸಾಕು, ಆಚೆಯವರು ನನ್ನ ಲೆಕ್ಕಕ್ಕಿಲ್ಲ. ಕೇರಳದ ಗಡಿನಾಡು ಕಾಸರಗೋಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆ ಹೊಸತಲ್ಲ, ಅಲ್ವಾ?

ಹಿಂದಿನ ಅಧ್ಯಾಯದಲ್ಲೇ ಸಮಾರ್ಯದ ಒಂದು ಹಳ್ಳಿಯವರು ಯೇಸುವಿಗೆ ಉಳಿಯಲು ಜಾಗ ಕೊಟ್ಟಿರಲಿಲ್ಲ. ಆಕಾಶದಿಂದ ಬೆಂಕಿ ತರಿಸೋಣವೇ ಎಂದು ಯಾಕೋಬ, ಯೋಹಾನರು ಕೇಳಿದ್ದರು. ಆ ಜನರಲ್ಲೇ ಒಬ್ಬನನ್ನು ಯೇಸು ಕಥೆಯೊಳಗೆ ತಂದ. ಯೆರಿಕೋ ದಾರಿಯಲ್ಲಿ ಕಳ್ಳರ ಹೊಡೆತ ತಿಂದು ಬಿದ್ದವನನ್ನು ಯಾಜಕ ದಾಟಿಹೋದ, ದೇವಾಲಯದ ಸೇವಕನಾದ ಲೇವಿಯ ದಾಟಿಹೋದ, ಎತ್ತಿಕೊಂಡವನು ಸಮಾರ್ಯದವನು. ಆಮೇಲೆ ಯೇಸು ಪ್ರಶ್ನೆಯನ್ನೇ ತಿರುಗಿಸಿದ: ಬಿದ್ದವನಿಗೆ ನೆರೆಯವನಾದದ್ದು ಯಾರು? ಶಾಸ್ತ್ರಿಗೆ 'ಸಮಾರ್ಯದವನು' ಅನ್ನಲು ಬಾಯಿ ಬರಲಿಲ್ಲ. ದಯೆ ತೋರಿಸಿದವನು ಅಂದ, ಅಷ್ಟೇ.

ಅಂದರೆ ಕೇಳುಗನನ್ನು ಯೇಸು ಬಿದ್ದವನ ಜಾಗದಲ್ಲಿಟ್ಟು ನೋಡಿಸಿದ. ಕೊಡುವವನಾಗಿ ನಿಂತು ಪ್ರೀತಿಯ ಬಗ್ಗೆ ಮಾತಾಡುವುದು ಸುಲಭ. ಆಗದವನ ಕೈ ಹಿಡಿದು ಏಳುವುದು ಕಷ್ಟ.

2020ರ ಮಾರ್ಚ್‌ನಲ್ಲಿ ಬಿದ್ದವರು ನಾವೇ. ಕೊರೊನಾ ಭಯಕ್ಕೆ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಎಷ್ಟೋ ಒಳರಸ್ತೆಗಳಿಗೆ ಮಣ್ಣು ಸುರಿದರು. ಈಚೆಯ ಮಂಜೇಶ್ವರದವರಿಗೆ ಆಸ್ಪತ್ರೆ ಎಂದರೆ ಗಡಿಯಾಚೆಯ ಮಂಗಳೂರು. ಆಂಬ್ಯುಲೆನ್ಸ್ ದಾಟಲಾಗದೆ ಪ್ರಾಣ ಬಿಟ್ಟವರಿದ್ದಾರೆ. ಸೋಂಕಿನ ಭಯ ಸುಳ್ಳಲ್ಲ. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಕೂಡ, ಕೆಲಸವಿಲ್ಲದ ಕಡೆ ಸುಮ್ನೆ ಹೋಗಿ ರೋಗ ಹರಡಬೇಡಿ ಎಂದು ಬರೆದಿದ್ದ. ಆದರೆ ನೋಡಿಕೊಳ್ಳುವವರಿಲ್ಲದ ರೋಗಿಯನ್ನು ಬಿಟ್ಟು ಓಡಬಾರದು ಎಂದೂ ಅದರಲ್ಲೇ ಇದೆ. ನನಗೆ ಈ ಲೆಕ್ಕ ಸರಿ ಕಾಣುತ್ತದೆ. ಎಚ್ಚರಿಕೆ ಬೇರೆ, ದಾಟಿಹೋಗುವುದು ಬೇರೆ.

ಇಲ್ಲಿ ನಮ್ಮವರಿಗೆ ಸಿಟ್ಟು ಬರಬಹುದಾದ ಮಾತೊಂದಿದೆ. ಗಡಿನಾಡ ಕನ್ನಡಿಗನಿಗೆ ಸಮಾರ್ಯದವನು ಯಾರು? ಮಲಯಾಳಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ದೂರುಗಳ ಪಟ್ಟಿ ಉದ್ದವಿದೆ, ಅದರಲ್ಲಿ ಜಾಸ್ತಿ ಪಾಲು ನ್ಯಾಯವಾದದ್ದೇ. ನೆರೆಯವನನ್ನು ಪ್ರೀತಿಸುವುದೆಂದರೆ ಅದನ್ನು ಹರಿದು ಬಿಸಾಡುವುದಲ್ಲ. ಆ ಸಮಾರ್ಯದವನು ತನ್ನ ಜನ ಆರಾಧಿಸುವ ಗೆರಿಜೀಮ್ ಬೆಟ್ಟ ಬಿಟ್ಟು ಯೆರೂಸಲೇಮಿನ ಯೆಹೂದ್ಯರ ದೇವಾಲಯಕ್ಕೆ ನಡೆದ ಎಂದು ಕಥೆ ಎಲ್ಲೂ ಹೇಳುವುದಿಲ್ಲ. ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರನ್ನು ಹಾಕಿದರೆ ಧರಣಿಗೆ ನಾನೂ ಬರುತ್ತೇನೆ. 'ಈ ಮಲಯಾಳಿಗಳೇ ಹೀಗೆ' ಅನ್ನುವ ವಾಟ್ಸಾಪ್ ಮೆಸೇಜನ್ನು ಮಾತ್ರ ನನಗೆ ಕಳಿಸಬೇಡಿ.